ಬೆಳಕು ಬಿದ್ದಲ್ಲಿ ಪಾಲಿಮರ್ ಗಟ್ಟಿಯಾಗುವುದು ಹೇಗೆ? ಬೆಳಕು ಎರಡರಷ್ಟಾದರೆ ಸಮಯ ಅರ್ಧಕ್ಕೆ ಇಳಿಯಬೇಕಲ್ಲವೇ?

ಅಚ್ಚುಮನೆ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಮ್ಮದು ತಂದೆಯವರ ಕಾಲದಿಂದ ನಡೆದು ಬಂದಿರುವ ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಲಗ್ನಪತ್ರಿಕೆ, ಬಟ್ಟೆ ಚೀಲ, ಸಂಘಗಳ ಸ್ಟಿಕ್ಕರ್ ಇಂಥವೇ ಹೆಚ್ಚು. ತಂದೆಯವರು ಅಂಟುದ್ರವವಾದ ಎಮಲ್ಷನ್‌ಗೆ ಅಮೋನಿಯಂ ಬೈಕ್ರೋಮೇಟ್ ನೀರು ಬೆರೆಸಿ, ಜಾಲರಿ ಬಟ್ಟೆ ಬಿಗಿದ ಫ್ರೇಮಿಗೆ ಬಳಿದು, ಕತ್ತಲೆಯಲ್ಲಿ ಒಣಗಿಸಿ, ಮೇಲೆ ಪಾಸಿಟಿವ್, ಅಂದರೆ ಅಕ್ಷರಗಳು ಕಪ್ಪಾಗಿರುವ ಪಾರದರ್ಶಕ ಹಾಳೆ, ಇಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಕಪ್ಪಿನ ಕೆಳಗೆ ಬೆಳಕು ಬೀಳದ ಎಮಲ್ಷನ್ ನೀರಿಗೆ ತೊಳೆದುಹೋಗಿ, ಆ ತೆರವಿನಿಂದ ಮಸಿ ಇಳಿದು ಅಚ್ಚಾಗುತ್ತದೆ. ಎಷ್ಟು ಹೊತ್ತು ಹಿಡಿಯಬೇಕೆಂಬುದು ಅವರಿಗೆ ಆಕಾಶ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬೈಕ್ರೋಮೇಟ್ ಬದಲು ಡಯಾಜೋ ಎಂಬ ರಾಸಾಯನಿಕ ಬೆರೆಸುವ ಎಮಲ್ಷನ್‌ಗೆ ಬದಲಾಯಿಸಿಕೊಂಡು, ಟ್ಯೂಬ್‌ಲೈಟ್ ಪೆಟ್ಟಿಗೆಯಲ್ಲಿ 12 ನಿಮಿಷ ಎಕ್ಸ್‌ಪೋಸ್ ಮಾಡುತ್ತಾ ಬಂದೆ. ವರ್ಷಗಟ್ಟಲೆ ತೊಂದರೆ ಇರಲಿಲ್ಲ.

ಈ ಸಲ ಜ್ಯೇಷ್ಠದ ಮದುವೆಗಳ ಗಡಿಬಿಡಿಗೆ ಮುಂಚೆ ಒಂದು ಎಲ್‌ಇಡಿ ಪೆಟ್ಟಿಗೆ ತಂದೆ. ಹಳೆಯದಕ್ಕಿಂತ ಎರಡರಷ್ಟು ವ್ಯಾಟ್ ಇದೆ, ಆದ್ದರಿಂದ 6 ನಿಮಿಷ ಸಾಕು ಎಂದು ಮಾರಿದವರು ಹೇಳಿದರು. ಆಗುತ್ತಿರುವುದು ಹೀಗೆ: ತೊಳೆಯುವಾಗ ಅಕ್ಷರಗಳು ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತವೆ, ಆದರೆ ಮಸಿ ಎಳೆಯುವ ರಬ್ಬರ್ ಪಟ್ಟಿ, ಅಂದರೆ ಸ್ಕ್ವೀಜಿ, ಓಡುವ ಒಳಮೈಯನ್ನು ಬೆರಳಿನಿಂದ ಸವರಿದರೆ ಬೆಂಡೆಕಾಯಿ ಲೋಳೆಯಂತೆ ಜಾರುತ್ತದೆ. ಇನ್ನೊಂದೆರಡು ಸಲ ನೀರು ಹಾಯಿಸಿದರೆ ‘ಅ’, ‘ಲ’, ‘ಠ’ ಇಂಥ ಅಕ್ಷರಗಳ ಹೊಟ್ಟೆಯೊಳಗೆ ನಿಲ್ಲಬೇಕಾದ, ಸಾಸಿವೆಗಿಂತಲೂ ಸಣ್ಣ ಎಮಲ್ಷನ್ ಚುಕ್ಕೆಗಳು ಕಳಚಿ ಹೋಗುತ್ತವೆ. ಅಚ್ಚು ಹಾಕಿದರೆ ಆ ಹೊಟ್ಟೆಗಳೆಲ್ಲ ಮಸಿ ತುಂಬಿಕೊಳ್ಳುತ್ತವೆ. ವಧುವಿನ ತಂದೆಯ ಹೆಸರೇ ಓದಲಾಗದ ಪತ್ರಿಕೆಯನ್ನು ನಾನು ಯಾರ ಕೈಗೆ ಕೊಡಲಿ?

ಪರಿಹಾರಕ್ಕಿಂತ ಮೊದಲು ನನಗೆ ಕಾರಣ ಬೇಕು. ಬೆಳಕು ಬಿದ್ದ ಕಡೆ ಎಮಲ್ಷನ್ ನೀರಿಗೆ ಕರಗದಂತೆ ಆಗುವುದಾದರೂ ಹೇಗೆ? ಎರಡರಷ್ಟು ಬೆಳಕಿಗೆ ಅರ್ಧ ಸಮಯ ಎಂಬ ಲೆಕ್ಕ ಎಲ್ಲಿ ತಪ್ಪಿತು?

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಅಚ್ಚುಮನೆಯವರೇ, ಬೆರಳಿಗೆ ತಾಗಿದ ಲೋಳೆಯನ್ನು ನೀವು ಇಷ್ಟು ಸರಿಯಾಗಿ ಗಮನಿಸಿ ಬರೆದಿರುವುದರಿಂದ ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ‘ಬೆಳಕು ಗಟ್ಟಿಮಾಡುತ್ತದೆ’ ಎಂಬ ಒಂದೇ ಮಾತು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಬೆಳಕು ಯಾವುದನ್ನೂ ಗಟ್ಟಿಮಾಡುವುದಿಲ್ಲ. ಅದು ಒಂದು ಅಣುವನ್ನು ಕೆರಳಿಸಿ ಸುಮ್ಮನಾಗುತ್ತದೆ, ಗಂಟು ಹಾಕುವ ಕೆಲಸವೆಲ್ಲ ಆಮೇಲೆ ಕತ್ತಲೆಯಲ್ಲಿಯೂ ನಡೆಯಬಲ್ಲ ಸಾಮಾನ್ಯ ರಸಾಯನಕ್ರಿಯೆ.

ಮೊದಲು ಪಾಲಿಮರ್ ಎಂದರೇನೆಂದು ನೋಡೋಣ. ಬೇಯಿಸಿದ ಶ್ಯಾವಿಗೆಯ ಪಾತ್ರೆಯನ್ನು ನೆನೆಸಿಕೊಳ್ಳಿ. ಎಳೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ, ಆದರೆ ಕಟ್ಟಿಲ್ಲ. ನೀರು ಸುರಿದು ಕದಡಿದರೆ ಬಿಡಿಬಿಡಿಯಾಗಿ ತೇಲುತ್ತವೆ. ನಿಮ್ಮ ಎಮಲ್ಷನ್‌ನಲ್ಲಿರುವ ಪಾಲಿವಿನೈಲ್ ಆಲ್ಕೊಹಾಲ್ ಹೀಗೆಯೇ ನೀರಿನಲ್ಲಿ ಕರಗುತ್ತದೆ. ಈಗ ಎಳೆಯಿಂದ ಎಳೆಗೆ ಅಲ್ಲಲ್ಲಿ ಗಂಟು ಬಿಗಿದರೆ ಪಾತ್ರೆಯಲ್ಲಿರುವುದು ಎಳೆಗಳ ರಾಶಿಯಾಗಿ ಉಳಿಯುವುದಿಲ್ಲ, ಒಂದೇ ಬಲೆಯಾಗುತ್ತದೆ. ನೀರು ಒಳಗೆ ನುಗ್ಗಿ ಬಲೆಯನ್ನು ಉಬ್ಬಿಸಬಹುದು, ಕರಗಿಸಲಾರದು. ಈ ಗಂಟಿಗೆ ಅಡ್ಡಕೊಂಡಿ ಎನ್ನೋಣ; ನಿಮ್ಮ ಡಬ್ಬಿಯ ಮೇಲೆ ಕ್ರಾಸ್‌ಲಿಂಕಿಂಗ್ ಎಂದು ಬರೆದಿರುವುದು ಇದನ್ನೇ.

ಎಷ್ಟು ಗಂಟು ಬೇಕು ಎಂಬುದು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಅಚ್ಚರಿ ತರುವ ಸಂಗತಿ. ಸಾವಿರ ಮಣಿಗಳ ಸರದಂಥ ಎಳೆಗಳಿದ್ದರೆ, ಸರಾಸರಿಯಲ್ಲಿ ಎಳೆಯೊಂದಕ್ಕೆ ಒಂದು ಮಣಿ ಇನ್ನೊಂದು ಎಳೆಗೆ ಕಟ್ಟಿಕೊಂಡರೆ ಸಾಕು, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹಬ್ಬಿದ ಬಲೆ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಜೆಲ್ ಬಿಂದು ಎನ್ನುತ್ತಾರೆ. ಸಾವಿರದಲ್ಲಿ ಒಂದು ಮಣಿ ಬದಲಾದದ್ದಕ್ಕೆ ಕರಗುವ ವಸ್ತು ಕರಗದ ವಸ್ತುವಾಗುತ್ತದೆ. ಆದರೆ ಜೆಲ್ ಬಿಂದುವನ್ನು ಆಗಷ್ಟೇ ದಾಟಿದ ಬಲೆ ಬಹಳ ಸಡಿಲ. ಅದು ನೀರು ಕುಡಿದು ಉಬ್ಬಿ, ಬೆರಳಿಗೆ ಜಾರುತ್ತದೆ. ನಿಮ್ಮ ಬೆಂಡೆಕಾಯಿ ಲೋಳೆ ಅದೇ.

ಅದು ಸ್ಕ್ವೀಜಿಯ ಕಡೆಗೇ ಏಕೆ? ಬೆಳಕು ಪಾಸಿಟಿವ್ ಇರುವ ಕಡೆಯಿಂದ ಒಳಗೆ ಬರುತ್ತದೆ. ಮೇಲಿನ ಪದರ ತನ್ನ ಪಾಲನ್ನು ಹೀರಿಕೊಂಡು ಮಿಕ್ಕಿದ್ದನ್ನಷ್ಟೇ ಕೆಳಕ್ಕೆ ಬಿಡುತ್ತದೆ, ಅದರ ಕೆಳಗಿನದು ಮತ್ತೆ ತನ್ನ ಪಾಲನ್ನು ಹೀರುತ್ತದೆ. ಹೀಗೆ ದಾಯಾದಿಗಳ ನಡುವೆ ಗದ್ದೆ ಹರಿದು ಹಂಚಿಹೋದಂತೆ ಬೆಳಕು ಹಂಚಿಹೋಗಿ, ಕೊನೆಯ ಪದರಕ್ಕೆ ಉಳಿಯುವುದು ಅಲ್ಪ. 6 ನಿಮಿಷದಲ್ಲಿ ನಿಮ್ಮ ಹೊರಮೈ ಪೂರ್ತಿ ಬಲಿತಿದೆ, ಒಳಮೈ ಜೆಲ್ ಬಿಂದುವಿನ ಆಸುಪಾಸಿನಲ್ಲಿಯೇ ನಿಂತಿದೆ. ದೊಡ್ಡ ಬಯಲಿನಂಥ ಭಾಗಗಳು ಅಕ್ಕಪಕ್ಕದ ಆಸರೆಯಿಂದ ನಿಲ್ಲುತ್ತವೆ. ಅಕ್ಷರದ ಹೊಟ್ಟೆಯ ಚುಕ್ಕೆಗೆ ಅಕ್ಕಪಕ್ಕ ಯಾರೂ ಇಲ್ಲ, ಅದು ಬಟ್ಟೆಯ ಎಳೆಯನ್ನು ಹಿಡಿದುಕೊಂಡೇ ಬದುಕಬೇಕು. ಆ ಹಿಡಿತದ ಜಾಗವೇ ಲೋಳೆಯಾಗಿದ್ದರೆ ಕಳಚದೆ ಇನ್ನೇನಾದೀತು?

ಇನ್ನು ಲೆಕ್ಕ. ಹೀರಲ್ಪಟ್ಟ ಬೆಳಕು ಮಾತ್ರ ಕೆಲಸ ಮಾಡುತ್ತದೆ ಎಂದು ರಸಾಯನವಿಜ್ಞಾನಿಗಳಾದ ಗ್ರೊಟ್ಟಸ್ 1817ರಲ್ಲಿಯೂ ಡ್ರೇಪರ್ 1842ರಲ್ಲಿಯೂ ಹೇಳಿದರು. ಪೆಟ್ಟಿಗೆ ಎಷ್ಟು ವಿದ್ಯುತ್ ಕುಡಿಯುತ್ತದೆ ಎಂಬುದನ್ನು ವ್ಯಾಟ್ ಹೇಳುತ್ತದೆ, ನಿಮ್ಮ ಎಮಲ್ಷನ್ ಎಷ್ಟು ಬೆಳಕು ಕುಡಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಡಯಾಜೋ ಅತಿ ಹೆಚ್ಚು ಹೀರುವುದು ಸುಮಾರು 370ರಿಂದ 380 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಅಲ್ಲಿಂದ ದೂರ ಸರಿದಂತೆ ಹಸಿವು ಕಡಿಮೆಯಾಗುತ್ತದೆ. ದಯವಿಟ್ಟು ಹೊಸ ಪೆಟ್ಟಿಗೆಯ ಹಿಂಬದಿಯಲ್ಲಿ ಯಾವ ತರಂಗಾಂತರ ನಮೂದಾಗಿದೆ ಎಂದು ನೋಡಿ ತಿಳಿಸಿ.

ಅಚ್ಚುಮನೆ, ಶಿವಮೊಗ್ಗ:

ಮೇಡಂ, ನೋಡಿದೆ. 405 ನ್ಯಾನೋಮೀಟರ್ ಎಂದಿದೆ.

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಹಾಗಾದರೆ ಮುಖ್ಯ ಕಾರಣ ಸಿಕ್ಕಿತು. 405ರಲ್ಲಿಯೂ ಡಯಾಜೋ ಕೆಲಸ ಮಾಡುತ್ತದೆ, ಆದರೆ ಹೀರುವಿಕೆಯ ಶಿಖರದಿಂದ ಕೆಳಗಿಳಿದ ಇಳಿಜಾರಿನಲ್ಲಿ ಅದು ಇದೆ. ವ್ಯಾಟ್ ಎರಡರಷ್ಟಾದರೂ ಒಳಗೆ ಸೇರಿದ್ದು ಎರಡರಷ್ಟಲ್ಲ.

ಒಳಗೆ ಸೇರಿದ ಮೇಲೆ ನಡೆಯುವುದನ್ನೂ ಹೇಳಿಬಿಡುತ್ತೇನೆ. ಡಯಾಜೋ ಗುಂಪಿನಲ್ಲಿ ಎರಡು ಸಾರಜನಕ ಪರಮಾಣುಗಳು ಜೋಡಿಯಾಗಿ ಕುಳಿತಿರುತ್ತವೆ. ಫೋಟಾನ್ ಎಂಬ ಒಂದು ಬೆಳಕಿನ ಕಣವನ್ನು ಹೀರಿದ ಕೂಡಲೇ ಆ ಜೋಡಿ ಸಾರಜನಕ ಅನಿಲವಾಗಿ ಬಿಟ್ಟುಹೋಗುತ್ತದೆ, ಹಿಂದೆ ಉಳಿದ ಇಂಗಾಲ ತೀರ ಹಸಿದ ಸ್ಥಿತಿಯಲ್ಲಿರುತ್ತದೆ. ಅದು ಪಕ್ಕದಲ್ಲಿ ಸಿಕ್ಕ ಪಾಲಿವಿನೈಲ್ ಆಲ್ಕೊಹಾಲ್ ಎಳೆಯನ್ನು ಹಿಡಿದುಕೊಳ್ಳುತ್ತದೆ. ಡಯಾಜೋ ರಾಳದ ಒಂದೇ ಅಣುವಿನಲ್ಲಿ ಇಂಥ ಹಲವು ಕೈಗಳಿರುವುದರಿಂದ, ಒಂದು ಕೈ ಒಂದು ಎಳೆಯನ್ನೂ ಇನ್ನೊಂದು ಕೈ ಇನ್ನೊಂದು ಎಳೆಯನ್ನೂ ಹಿಡಿದು ಅಡ್ಡಕೊಂಡಿಯಾಗುತ್ತದೆ. ಆದರೆ ಆ ಹಸಿದ ಇಂಗಾಲಕ್ಕೆ ಎಳೆಗಿಂತ ಮೊದಲು ನೀರಿನ ಅಣು ಸಿಕ್ಕರೆ ಅದನ್ನೇ ಹಿಡಿದು ಫೀನಾಲ್ ಆಗಿ ತೃಪ್ತವಾಗುತ್ತದೆ. ಕೊಂಡಿ ಆಗುವುದಿಲ್ಲ, ಫೋಟಾನ್ ವ್ಯರ್ಥ. ಮಲೆನಾಡಿನ ಮಳೆಗಾಲದಲ್ಲಿ ಫ್ರೇಮು ಕೈಗೆ ಒಣಗಿದಂತೆ ತೋರಿದರೂ ಪದರದೊಳಗೆ ತೇವ ಉಳಿದಿರುತ್ತದೆ. ನಿಮಗೆ ಬಿದ್ದ ಎರಡನೆಯ ಪೆಟ್ಟು ಇದೇ ಇರಬಹುದು.

ತಂದೆಯವರ ಬೈಕ್ರೋಮೇಟ್‌ನಲ್ಲಿ ಕಥೆ ಬೇರೆ. ಅಲ್ಲಿ ಬೆಳಕು ಹೀರಿದ ಆರನೆಯ ಸ್ಥಿತಿಯ (ಆರು ಇಲೆಕ್ಟ್ರಾನ್ ಕೊರತೆಯ) ಕ್ರೋಮಿಯಂ ಪಾಲಿಮರ್‌ನಿಂದಲೇ ಇಲೆಕ್ಟ್ರಾನ್‌ಗಳನ್ನು ಕಿತ್ತುಕೊಂಡು ಹಂತಹಂತವಾಗಿ ಮೂರನೆಯ ಸ್ಥಿತಿಗೆ ಇಳಿಯುತ್ತದೆ, ಇಳಿದ ಕ್ರೋಮಿಯಂ ಅಯಾನು ಅಕ್ಕಪಕ್ಕದ ಎಳೆಗಳ ಆಮ್ಲಜನಕ ಪರಮಾಣುಗಳನ್ನು ತನ್ನ ಸುತ್ತ ಹಿಡಿದು ನಿಲ್ಲಿಸುತ್ತದೆ. ಹಳದಿ ಪದರ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತಿದ್ದುದು ಈ ಇಳಿತದ ಗುರುತು. ಈ ಕ್ರಿಯೆ ಕತ್ತಲೆಯಲ್ಲಿಯೂ ತೆವಳಿಕೊಂಡು ನಡೆಯುತ್ತಿರುತ್ತದೆ. ಆದ್ದರಿಂದಲೇ ಬೈಕ್ರೋಮೇಟ್ ಬಳಿದ ಫ್ರೇಮನ್ನು ಮರುದಿನಕ್ಕೆ ಇಡಬೇಡ ಎಂದು ಹಿಂದಿನವರು ಗದರುತ್ತಿದ್ದರು.

ಬಿ.ಎಸ್‌ಸಿ. ವಿದ್ಯಾರ್ಥಿ, ತುಮಕೂರು:

ಮೇಡಂ, ಒಂದು ಸಂದೇಹವಿದೆ. ನಮ್ಮ ಮನೆಯ ಹಿತ್ತಿಲಲ್ಲಿ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬಕೆಟ್ ಎರಡೇ ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಯಾಗುವಂತಾಯಿತು. ಅದೂ ಪಾಲಿಮರ್, ಅದೇ ಅತಿನೇರಳೆ ಬೆಳಕು. ಎಮಲ್ಷನ್‌ನಲ್ಲಿ ಗಂಟು ಹಾಕುವ ಬೆಳಕು ಬಕೆಟ್ಟಿನಲ್ಲಿ ಎಳೆಗಳನ್ನು ಕಡಿಯುವುದೇಕೆ?

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಒಳ್ಳೆಯ ಪ್ರಶ್ನೆ. ಎರಡೂ ಕಡೆ ಬೆಳಕು ಮಾಡುವುದು ಒಂದೇ, ಹಸಿದ ಅಣುಗಳನ್ನು ಹುಟ್ಟಿಸುವುದು. ಬಕೆಟ್ಟಿನಲ್ಲಿ ಅದು ಮಾಡುವುದು ಎಳೆಯ ಮೇಲೆ ರ‍್ಯಾಡಿಕಲ್‌ಗಳನ್ನು, ಅಂದರೆ ಜೋಡಿ ತಪ್ಪಿದ ಇಲೆಕ್ಟ್ರಾನ್ ಇರುವ ಅಣುಗಳನ್ನು, ಹುಟ್ಟಿಸುವುದು. ಎರಡು ಎಳೆಗಳ ಮೇಲಿನ ರ‍್ಯಾಡಿಕಲ್‌ಗಳು ಒಂದನ್ನೊಂದು ಸಂಧಿಸಿದರೆ ಅಡ್ಡಕೊಂಡಿ. ಸಂಧಿಸುವ ಮೊದಲೇ ಆಮ್ಲಜನಕ ಬಂದು ಸೇರಿದರೆ ಪೆರಾಕ್ಸೈಡ್ ಆಗಿ ಕೊನೆಗೆ ಎಳೆಯೇ ತುಂಡಾಗುತ್ತದೆ. ಬಕೆಟ್ಟಿನಂಥವನ್ನು ಮಾಡುವ ಪಾಲಿಪ್ರೊಪಿಲೀನ್‌ನಲ್ಲಿ ತುಂಡಾಗುವುದೇ ಮೇಲುಗೈ, ಪಾಲಿಎಥಿಲೀನ್‌ನಲ್ಲಿ ಎರಡೂ ಜೊತೆಜೊತೆಗೆ ನಡೆಯುತ್ತವೆ. ಬಕೆಟ್ಟಿನಲ್ಲಿ ಇದು ಯಾರ ಉದ್ದೇಶವೂ ಅಲ್ಲ. ಸ್ವಚ್ಛ ಪಾಲಿಪ್ರೊಪಿಲೀನ್ ಬಿಸಿಲಿನ ಅತಿನೇರಳೆಯನ್ನು ಬಹುತೇಕ ಹೀರುವುದೇ ಇಲ್ಲ, ಅದರೊಳಗೆ ತಯಾರಿಕೆಯಲ್ಲಿ ಉಳಿದ ಕಲ್ಮಶಗಳು ಮತ್ತು ಪೆರಾಕ್ಸೈಡ್‌ಗಳು ಹೀರುತ್ತವೆ. ಎಮಲ್ಷನ್‌ನಲ್ಲಿಯೋ ನಾವು ಬೇಕೆಂದೇ ಹೀರುವ ಅಣುವನ್ನು ಆರಿಸಿ ಬೆರೆಸಿದ್ದೇವೆ.

ಇಲ್ಲಿ ಒಂದು ಲೆಕ್ಕ ಕೈಗೆ ಇಟ್ಟುಕೊಳ್ಳಿ. 365 ನ್ಯಾನೋಮೀಟರ್ ಬೆಳಕಿನ ಒಂದು ಮೋಲ್ (ಅಣುಗಳನ್ನು ರಾಶಿಯಾಗಿ ಎಣಿಸುವ ಅಳತೆ) ಫೋಟಾನ್‌ಗಳ ಶಕ್ತಿ ಸುಮಾರು 328 ಕಿಲೋಜೌಲ್, 405ರದು 295, ಹಲ್ಲಿನ ಆಸ್ಪತ್ರೆಯ 470ರ ನೀಲಿಯದು 255. ಇಂಗಾಲ-ಇಂಗಾಲದ ಸಾಮಾನ್ಯ ಒಂಟಿ ಬಂಧವನ್ನು ಮುರಿಯಲು ಸುಮಾರು 350 ಬೇಕು. ಅಂದರೆ ಈ ಯಾವ ಬೆಳಕೂ ಎಳೆಯ ಬೆನ್ನೆಲುಬನ್ನು ನೇರವಾಗಿ ಮುರಿಯಲಾರದು. ದುರ್ಬಲ ಬಂಧವಿರುವ ಒಂದು ಅಣುವನ್ನು ನಡುವೆ ಇಟ್ಟು ಅದರ ಮೂಲಕ ಕೆಲಸ ಮಾಡಿಸಬೇಕು. ಆ ಮಧ್ಯವರ್ತಿಗೆ ಫೋಟೋಇನಿಷಿಯೇಟರ್ ಎನ್ನುತ್ತಾರೆ.

ದಂತವೈದ್ಯ, ದಾವಣಗೆರೆ:

470ರ ಪ್ರಸ್ತಾಪ ಬಂದದ್ದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ಹುಳುಕು ಕೊರೆದು ತೆಗೆದ ಹಲ್ಲಿಗೆ ನಾವು ತುಂಬುವ ಕಾಂಪೊಸಿಟ್‌ನ ಮುಖ್ಯ ರಾಳವಾದ ಬಿಸ್-ಜಿಎಂಎಗೆ ರಫೇಲ್ ಬೋವೆನ್ ಅವರು 1962ರಲ್ಲಿ ಪೇಟೆಂಟ್ ಪಡೆದರು. ಮೊದಮೊದಲು ಅತಿನೇರಳೆ ದೀಪದಿಂದ ಗಟ್ಟಿಮಾಡುತ್ತಿದ್ದರು, ಆಮೇಲೆ ನೀಲಿ ಬೆಳಕು ಬಂತು. ಅದರಲ್ಲಿ ಬೆಳಕು ಹೀರುವುದು ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ಪುಡಿ. ಹೆಸರೇ ಹೇಳುವಂತೆ ಕರ್ಪೂರದ ನಂಟಿನದು. ಅದು ತಾನೇ ಒಡೆಯುವುದಿಲ್ಲ. ಬೆಳಕು ಹೀರಿ ಕೆರಳಿದ ಮೇಲೆ ಪಕ್ಕದ ಅಮೀನ್ ಎಂಬ ಸಾರಜನಕಯುಕ್ತ ಅಣುವಿನಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ, ಜಲಜನಕ ಕಳೆದುಕೊಂಡ ಅಮೀನ್ ರ‍್ಯಾಡಿಕಲ್ ಆಗಿ ಸರಪಳಿಯನ್ನು ಆರಂಭಿಸುತ್ತದೆ.

ನಾವು ಒಂದು ಸಲಕ್ಕೆ 2 ಮಿಲಿಮೀಟರ್‌ಗಿಂತ ದಪ್ಪ ತುಂಬಬಾರದೆಂದು ಕಲಿಯುವುದು ಮೇಡಂ ಹೇಳಿದ ಅದೇ ಹಂಚಿಕೆಯ ಕಾರಣಕ್ಕೆ. ಮೇಲೆ ಕಲ್ಲಿನಂತಿದ್ದು ತಳದಲ್ಲಿ ಮೆತ್ತಗೆ ಉಳಿದರೆ ರೋಗಿಗೆ ಆ ಕ್ಷಣ ಏನೂ ಗೊತ್ತಾಗುವುದಿಲ್ಲ, ಕೆಲವು ತಿಂಗಳು ಕಳೆದ ಮೇಲೆ ಅಂಚಿನಲ್ಲಿ ಬಿರುಕು ಬಿಟ್ಟುಕೊಂಡು ಬರುತ್ತಾರೆ. ಕುರ್ಚಿಯ ಮೇಲಿನ ದೊಡ್ಡ ದೀಪವನ್ನೂ ಕಾಂಪೊಸಿಟ್ ಇಡುವಾಗ ಪಕ್ಕಕ್ಕೆ ತಿರುಗಿಸುತ್ತೇವೆ, ಇಲ್ಲದಿದ್ದರೆ ಆಕಾರ ಕೊಡುವ ಮೊದಲೇ ಅದು ಪೆಡಸಾಗತೊಡಗುತ್ತದೆ. ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಳ್ಳುವುದು ನಮ್ಮ ಕಣ್ಣಿಗೆ ಆ ನೀಲಿ ಬೀಳದಿರಲಿ ಎಂದು.

ಗಟ್ಟಿಯಾದ ಪದರವನ್ನು ಹತ್ತಿಯಿಂದ ಒರೆಸಿದರೆ ಮೇಲ್ಮೈ ಸ್ವಲ್ಪ ಅಂಟಂಟಾಗಿ ಬರುತ್ತದೆ. ಗಾಳಿಯ ಆಮ್ಲಜನಕ ತಾಗಿದ ಕಡೆ ಕ್ರಿಯೆ ನಿಂತುಹೋದ ಪದರ ಅದು, ಮೈಕ್ರೋಮೀಟರ್‌ಗಳ ಲೆಕ್ಕದ ದಪ್ಪ. ಮುಂದಿನ ಪದರ ಅದರೊಂದಿಗೆ ಬೆಸೆದುಕೊಳ್ಳುವುದರಿಂದ ನಮಗೆ ಅದು ಅನುಕೂಲವೇ. ಕೊನೆಯ ಪದರದಲ್ಲಿ ಮಾತ್ರ ಉಜ್ಜಿ ತೆಗೆಯುತ್ತೇವೆ. ಉಗುರಿಗೆ ಜೆಲ್ ಪಾಲಿಶ್ ಹಾಕಿ ದೀಪದಡಿ ಹಿಡಿದ ಮೇಲೆ ಆಲ್ಕೊಹಾಲ್‌ನಿಂದ ಒರೆಸುವುದೂ ಇದನ್ನೇ.

ನನ್ನ ಪ್ರಶ್ನೆ: ಈಗ ಬಹಳ ಪ್ರಖರವಾದ ದೀಪಗಳು ಬಂದಿವೆ. ಕೆಲವೇ ಸೆಕೆಂಡು ಸಾಕು ಎನ್ನುತ್ತಾರೆ. ಅಚ್ಚುಮನೆಯವರ ಲೆಕ್ಕ ನಮ್ಮಲ್ಲಿಯಾದರೂ ಸರಿಹೋಗುತ್ತದೆಯೇ?

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಡಾಕ್ಟರೇ, ನಿಮ್ಮಲ್ಲಿ ಅದು ತಪ್ಪುವ ಕಾರಣ ಬೇರೆ, ಮತ್ತು ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗವೂ ಅದೇ.

ಡಯಾಜೋದಲ್ಲಿ ಒಂದು ಫೋಟಾನ್‌ಗೆ ಹೆಚ್ಚೆಂದರೆ ಒಂದು ಕೈ. ನಿಮ್ಮ ಬಿಸ್-ಜಿಎಂಎ ಥರದ ಮೆಥಾಕ್ರಿಲೇಟ್‌ನಲ್ಲಿ ಹಾಗಲ್ಲ. ಒಂದು ರ‍್ಯಾಡಿಕಲ್ ಹುಟ್ಟಿದರೆ ಅದು ಒಂದು ಅಣುವಿನ ದ್ವಿಬಂಧವನ್ನು ತೆರೆದು ಸೇರಿಕೊಳ್ಳುತ್ತದೆ, ತುದಿಯಲ್ಲಿ ಮತ್ತೆ ರ‍್ಯಾಡಿಕಲ್ ಉಳಿಯುತ್ತದೆ, ಅದು ಮುಂದಿನದನ್ನು ಸೇರುತ್ತದೆ. ಹೀಗೆ ಒಂದೇ ಆರಂಭದಿಂದ ನೂರಾರು ಅಣುಗಳು ಸಾಲುಗಟ್ಟುತ್ತವೆ. ಪ್ರತಿಯೊಂದು ಅಣುವಿಗೂ ಎರಡು ತುದಿಯಲ್ಲಿ ಎರಡು ದ್ವಿಬಂಧಗಳಿರುವುದರಿಂದ, ಒಂದು ತುದಿ ಈ ಸಾಲಿಗೂ ಇನ್ನೊಂದು ತುದಿ ಆ ಸಾಲಿಗೂ ಸೇರಿ ಅಡ್ಡಕೊಂಡಿಯಾಗುತ್ತದೆ. ಎರಡು ರ‍್ಯಾಡಿಕಲ್‌ಗಳು ಎದುರುಬದುರಾದರೆ ಮಾತ್ರ ಎರಡೂ ಜೋಡಿಯಾಗಿ ಸಾಲು ಮುಗಿಯುತ್ತದೆ. ಈಗ ಬೆಳಕು ಹೆಚ್ಚಿಸಿದಿರಿ ಎಂದುಕೊಳ್ಳಿ. ರ‍್ಯಾಡಿಕಲ್‌ಗಳು ಹೆಚ್ಚು ಹುಟ್ಟುತ್ತವೆ, ಆದರೆ ಸಂತೆಯಲ್ಲಿ ಜನ ಹೆಚ್ಚಾದಷ್ಟೂ ಪರಿಚಯದವರು ಎದುರಾಗುವಂತೆ ಅವು ಒಂದನ್ನೊಂದು ಸಂಧಿಸುವುದೂ ಹೆಚ್ಚುತ್ತದೆ. ಒಟ್ಟು ಪರಿಣಾಮವಾಗಿ ಕ್ರಿಯೆಯ ವೇಗ ಬೆಳಕಿನ ತೀವ್ರತೆಯ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಬೆಳಕು 4 ಪಟ್ಟಾದರೆ ವೇಗ 2 ಪಟ್ಟು. ಹಾಗಿರುವಾಗ ಸಮಯವನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಕೊರತೆ ಬೀಳುತ್ತದೆ.

ಬಲೆ ಬಿಗಿಯಾದಂತೆ ಈ ಸರಳ ಸೂತ್ರವೂ ಸಡಿಲವಾಗುತ್ತದೆ, ಏಕೆಂದರೆ ಸಿಕ್ಕಿಬಿದ್ದ ರ‍್ಯಾಡಿಕಲ್‌ಗಳಿಗೆ ಓಡಾಡಲು ದಾರಿಯೇ ಇರುವುದಿಲ್ಲ. ದ್ವಿಬಂಧಗಳಲ್ಲಿ ಸಾಮಾನ್ಯವಾಗಿ ಶೇಕಡ 50ರಿಂದ 75ರಷ್ಟು ಮಾತ್ರ ಕ್ರಿಯೆಗೊಳಗಾಗಿ ಉಳಿದವು ಹಾಗೆಯೇ ನಿಲ್ಲುವುದು ಇದೇ ಕಾರಣಕ್ಕೆ. ಸಿಕ್ಕಿಬಿದ್ದವು ದೀಪ ಆರಿದ ಮೇಲೂ ತೆವಳುತ್ತಿರುತ್ತವೆ. ಹಲ್ಲು ತುಂಬಿಸಿಕೊಂಡವರ ಬಾಯಿಯಲ್ಲಿ ಮರುದಿನದವರೆಗೂ ಗಟ್ಟಿಯಾಗುವಿಕೆ ಸ್ವಲ್ಪಸ್ವಲ್ಪವಾಗಿ ಮುಂದುವರಿಯುತ್ತದೆ.

ಜೆಲ್ ಪಾಲಿಶ್ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಪೂರ್ತಿ ಗಟ್ಟಿಯಾಗದೆ ಉಳಿದ ಅಕ್ರಿಲೇಟ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹತ್ತಿಕೊಳ್ಳಬಹುದು, ಒಮ್ಮೆ ಹತ್ತಿಕೊಂಡರೆ ಅದು ಬಿಡುವುದು ಕಷ್ಟ. ಜೆಲ್ ಪಾಲಿಶ್‌ಗಳಲ್ಲಿ ಬಳಸುತ್ತಿದ್ದ ಟಿಪಿಒ ಎಂಬ ಇನಿಷಿಯೇಟರ್‌ ಅನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ರೆಸಿನ್ ಮಾದರಿಗಾರ, ಬೆಂಗಳೂರು:

ನಾನು ರೆಸಿನ್ ಎಂಬ ದ್ರವ ರಾಳವನ್ನು 405 ನ್ಯಾನೋಮೀಟರ್ ಬೆಳಕಿನಿಂದ ಪದರಪದರವಾಗಿ ಗಟ್ಟಿಮಾಡುವ 3ಡಿ ಪ್ರಿಂಟರ್‌ನಲ್ಲಿ ಆಭರಣದ ಅಚ್ಚುಗಳನ್ನು ಮಾಡುತ್ತೇನೆ. ನಮ್ಮಲ್ಲಿಯೂ ಬೆಳಕನ್ನು ಎರಡು ಪಟ್ಟು ಮಾಡಿದರೆ ದಪ್ಪ ಎರಡು ಪಟ್ಟಾಗುವುದಿಲ್ಲ. ಬೆಳಕಿನ ಪ್ರಮಾಣವನ್ನು ಪ್ರತಿಸಲ ದ್ವಿಗುಣಗೊಳಿಸಿದಾಗಲೂ ಗಟ್ಟಿಯಾಗುವ ಆಳಕ್ಕೆ ಅಷ್ಟೇ ಒಂದು ನಿಗದಿತ ಪದರ ಸೇರುತ್ತದೆ. ಬೆಳಕು 0.1 ಮಿಲಿಮೀಟರ್ ಇಳಿಯುವಷ್ಟರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುವಂಥ ರೆಸಿನ್ ಆದರೆ, ಪ್ರತಿ ದ್ವಿಗುಣಕ್ಕೆ ಸೇರುವುದು ಕೇವಲ 0.07 ಮಿಲಿಮೀಟರ್. ನಮಗೆ ಇದೇ ಬೇಕು. ಇಲ್ಲದಿದ್ದರೆ ಕೆಳಗಿನ ಪದರದ ಬೆಳಕು ಮೇಲಿನದಕ್ಕೂ ತಗುಲಿ ಅಚ್ಚಿನ ತೂತುಗಳು ಮುಚ್ಚಿಹೋಗುತ್ತಿದ್ದವು. ಆಳ ಮಿತಿಯಲ್ಲಿರಲೆಂದೇ ರೆಸಿನ್‌ಗೆ ಬಣ್ಣ ಬೆರೆಸಿರುತ್ತಾರೆ.

ಒಬ್ಬ ತಾಯಿ, ಹಾಸನ:

ನಾನು ಈ ವಿಷಯ ಓದಿದವಳಲ್ಲ. ನನ್ನ ಮಗನಿಗೆ 16 ವರ್ಷ. ಅಲರ್ಜಿಯಿಂದ ಸದಾ ಕಣ್ಣು ಉಜ್ಜಿಕೊಳ್ಳುತ್ತಿದ್ದ. ಈಗ ಕೆರಟೋಕೋನಸ್ ಎಂದಿದ್ದಾರೆ, ಕಣ್ಣಿಗೆ ಕ್ರಾಸ್‌ಲಿಂಕಿಂಗ್ ಮಾಡಬೇಕಂತೆ. ನೀವು ಹೇಳುತ್ತಿರುವ ಕ್ರಾಸ್‌ಲಿಂಕಿಂಗ್ ಮತ್ತು ಅದು ಒಂದೇ ಏನು? 30 ನಿಮಿಷದ ವಿಧಾನ, 10 ನಿಮಿಷದ ವಿಧಾನ ಎಂದು ಎರಡು ಹೇಳಿದ್ದಾರೆ. ಮೇಲಿನದನ್ನೆಲ್ಲ ಓದಿ ನನಗೆ ಗಾಬರಿಯಾಗಿದೆ.

ನೇತ್ರವೈದ್ಯೆ, ಮಂಗಳೂರು:

ಅಮ್ಮ, ಗಾಬರಿಯಾಗಬೇಡಿ, ನಾನು ಇದೇ ಕೆಲಸ ಮಾಡುವವಳು. ಹೌದು, ಎರಡೂ ಒಂದೇ ಜಾತಿಯ ಕ್ರಿಯೆ. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾ, ನೀರನ್ನು ಬಿಟ್ಟರೆ, ಬಹುಮಟ್ಟಿಗೆ ಕೊಲಾಜೆನ್ ಎಂಬ ಪಾಲಿಮರ್‌ನಿಂದ ಆದದ್ದು. ಕೆರಟೋಕೋನಸ್‌ನಲ್ಲಿ ಅದು ಬಲಗುಂದಿ, ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಹದಿಹರೆಯದಲ್ಲಿ ಅದು ಬೇಗ ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಮಗನಿಗೆ ಈಗಲೇ ಹೇಳಿರುವುದು ಸರಿ, ಕಣ್ಣು ಉಜ್ಜುವುದನ್ನು ಮಾತ್ರ ಇಂದಿನಿಂದಲೇ ಪೂರ್ತಿ ಬಿಡಿಸಿ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೊಲೆನ್ಸಾಕ್, ಸ್ಪೋರ್ಲ್ ಮತ್ತು ಸೈಲರ್ ಅವರು 2003ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಅಳತೆಗೋಲು. ಕಾರ್ನಿಯಾದ ಮೇಲ್ಪದರವನ್ನು ಮೆಲ್ಲಗೆ ತೆಗೆದು, ರೈಬೋಫ್ಲೇವಿನ್ ಹನಿಗಳನ್ನು ಅರ್ಧ ಗಂಟೆ ಹಾಕುತ್ತಾ ಹೋಗುತ್ತೇವೆ. ಇದು ನಾವು ಹಾಲಿನಲ್ಲಿ ಸೊಪ್ಪಿನಲ್ಲಿ ತಿನ್ನುವ ಬಿ2 ಜೀವಸತ್ವವೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೊರೆಯೆಲ್ಲ ಎಳೆ ಹಳದಿಯಾಗಿ ಹೊಳೆಯುತ್ತಿರುತ್ತದೆ. ಆಮೇಲೆ ಸುಮಾರು 370 ನ್ಯಾನೋಮೀಟರ್‌ನ ಬೆಳಕನ್ನು ಚದರ ಸೆಂಟಿಮೀಟರ್‌ಗೆ 3 ಮಿಲಿವ್ಯಾಟ್‌ನಂತೆ 30 ನಿಮಿಷ ಬಿಡುತ್ತೇವೆ, ಒಟ್ಟು 5.4 ಜೌಲ್. ರೈಬೋಫ್ಲೇವಿನ್ ಬೆಳಕು ಹೀರಿ ಕ್ರಿಯೆ ಆರಂಭಿಸುತ್ತದೆ, ಜೊತೆಗೆ ಹೀರುವುದರಿಂದಲೇ ಕಣ್ಣಿನ ಒಳಭಾಗಕ್ಕೆ ಬೆಳಕು ಇಳಿಯದಂತೆ ತಡೆಯುತ್ತದೆ. ಆ ರಕ್ಷಣೆ ಸಾಲುವಂತೆ ಕಾರ್ನಿಯಾ ಕನಿಷ್ಠ 400 ಮೈಕ್ರೋಮೀಟರ್ ದಪ್ಪವಿರಬೇಕೆಂದು ನೋಡುತ್ತೇವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು.

10 ನಿಮಿಷದ ವಿಧಾನದಲ್ಲಿ 9 ಮಿಲಿವ್ಯಾಟ್ ಬೆಳಕು, ಒಟ್ಟು ಅದೇ 5.4 ಜೌಲ್. ಬಹಳ ಕಡೆ ಬಳಕೆಯಲ್ಲಿದೆ, ರೋಗ ಮುಂದುವರಿಯುವುದನ್ನು ತಡೆಯುತ್ತದೆ. ಆದರೆ ಒಟ್ಟು ಜೌಲ್ ಒಂದೇ ಆದ ಮಾತ್ರಕ್ಕೆ ಪರಿಣಾಮ ಪೂರ್ತಿ ಒಂದೇ ಎನ್ನಲಾಗದು. ತೀವ್ರತೆ ತೀರ ಹೆಚ್ಚಾದಷ್ಟೂ ಬಿಗಿಯಾಗುವಿಕೆ ಕಡಿಮೆಯಾಗುತ್ತದೆ. ಇಲ್ಲಿ ಮಿತಿ ಹಾಕುವುದು ಆಮ್ಲಜನಕ. ಕಾರ್ನಿಯಾದ ಕ್ರಿಯೆಗೆ ಆಮ್ಲಜನಕ ಬೇಕು, ಬೆಳಕು ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಒಳಗಿರುವುದು ಮುಗಿದುಹೋಗುತ್ತದೆ, ಆಮೇಲೆ ಗಾಳಿಯಿಂದ ಇಳಿದು ಬರುವುದನ್ನು ಕಾಯಬೇಕು. ಬೆಳಕು ಅವಸರ ಮಾಡಿದರೂ ಗಾಳಿ ತನ್ನ ನಡಿಗೆಯನ್ನು ಬದಲಾಯಿಸುವುದಿಲ್ಲ. ನಿಮ್ಮ ಮಗನ ಕಾರ್ನಿಯಾದ ದಪ್ಪ ಮತ್ತು ರೋಗದ ವೇಗ ನೋಡಿ ನಿಮ್ಮ ವೈದ್ಯರೇ ಆರಿಸಬೇಕು. ಈ ಪ್ರಶ್ನೆಯನ್ನು ಅವರ ಮುಂದೆ ಧೈರ್ಯವಾಗಿ ಇಡಿ. ಇನ್ನೊಂದು ಮಾತು: ಈ ಚಿಕಿತ್ಸೆಯ ಉದ್ದೇಶ ಉಬ್ಬು ಹೆಚ್ಚದಂತೆ ನಿಲ್ಲಿಸುವುದು. ಕನ್ನಡಕವೋ ಲೆನ್ಸೋ ಆಮೇಲೂ ಬೇಕಾಗುತ್ತದೆ.

ಬಿ.ಎಸ್‌ಸಿ. ವಿದ್ಯಾರ್ಥಿ, ತುಮಕೂರು:

ಹಲ್ಲಿನಲ್ಲಿ ಆಮ್ಲಜನಕ ಕ್ರಿಯೆಯನ್ನು ಕೆಡಿಸುತ್ತದೆ, ಕಣ್ಣಿನಲ್ಲಿ ಅದಿಲ್ಲದೆ ಕ್ರಿಯೆಯೇ ಇಲ್ಲ. ಇದು ಹೇಗೆ?

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಹಲ್ಲಿನ ರಾಳದಲ್ಲಿ ಕೆಲಸ ಸಾಗುವುದು ರ‍್ಯಾಡಿಕಲ್ ತುದಿ ಒಂದಾದ ಮೇಲೊಂದು ದ್ವಿಬಂಧಕ್ಕೆ ದಾಟುವುದರಿಂದ. ಆಮ್ಲಜನಕ ಆ ತುದಿಗೆ ಅಂಟಿಕೊಂಡರೆ ಹುಟ್ಟುವ ಪೆರಾಕ್ಸಿ ರ‍್ಯಾಡಿಕಲ್ ಮಂದ, ಮುಂದಿನ ದ್ವಿಬಂಧವನ್ನು ತೆರೆಯುವ ಕಸುವು ಅದಕ್ಕಿಲ್ಲ. ಸಾಲು ಅಲ್ಲಿಗೇ ನಿಲ್ಲುತ್ತದೆ. ಕಾರ್ನಿಯಾದಲ್ಲಿ ಬೆಳೆಸಬೇಕಾದ ಸಾಲೇ ಇಲ್ಲ, ಎಳೆಗಳು ಹುಟ್ಟಿನಿಂದಲೇ ಸಿದ್ಧವಾಗಿವೆ. ಅಲ್ಲಿ ಬೇಕಾದದ್ದು ಎಳೆಯ ಮೇಲಿನ ಯಾವುದಾದರೂ ಅಮೀನೋ ಆಮ್ಲವನ್ನು ಆಕ್ಸಿಡೀಕರಿಸಿ, ಪಕ್ಕದ್ದರೊಡನೆ ಬೆಸೆಯುವಂತೆ ಮಾಡುವುದು. ಕೆರಳಿದ ರೈಬೋಫ್ಲೇವಿನ್ ತನ್ನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಅದನ್ನು ಚುರುಕಾದ ಸಿಂಗ್ಲೆಟ್ ಸ್ಥಿತಿಗೆ ತರುತ್ತದೆ, ಆ ಆಮ್ಲಜನಕವೇ ಆಕ್ಸಿಡೀಕರಣದ ಕೆಲಸ ಮಾಡುತ್ತದೆ. ಒಂದು ಕಡೆ ಆಮ್ಲಜನಕ ದಾರಿಗೆ ಅಡ್ಡ ನಿಂತ ಕಲ್ಲು, ಇನ್ನೊಂದು ಕಡೆ ಅದೇ ಕೂಲಿಯಾಳು.

ಹಳೆಯ ಛಾಯಾಗ್ರಾಹಕ, ಮೈಸೂರು:

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಒಂದು ಸಣ್ಣ ಸೇರ್ಪಡೆ. ಛಾಯಾಚಿತ್ರ ಹುಟ್ಟಿದ್ದೇ ಈ ಗಂಟಿನಿಂದ. ಫ್ರಾನ್ಸಿನ ನೀಸ್‌ಫೋರ್ ನ್ಯೆಪ್ಸ್ ಅವರು 1826-27ರ ಸುಮಾರಿಗೆ ತವರ ಮಿಶ್ರಲೋಹದ ತಗಡಿಗೆ ಬಿಟುಮೆನ್ ಡಾಂಬರನ್ನು ತೆಳುವಾಗಿ ಬಳಿದು ಕಿಟಕಿಯ ನೋಟಕ್ಕೆ ಒಡ್ಡಿದರು. ಬೆಳಕು ಬಿದ್ದ ಕಡೆ ಡಾಂಬರು ಗಟ್ಟಿಯಾಯಿತು, ಬೀಳದ ಕಡೆಯದನ್ನು ಲ್ಯಾವೆಂಡರ್ ಎಣ್ಣೆಯಿಂದ ತೊಳೆದರು. ಆ ತಗಡು ಈಗ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದೆ. ಬೈಕ್ರೋಮೇಟ್ ಬೆಳಕಿಗೆ ಬದಲಾಗುತ್ತದೆಂದು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲಿ ಕಂಡರು, ಜೆಲಟಿನ್ ಜೊತೆ ಅದನ್ನು ಬಳಸುವ ಪೇಟೆಂಟನ್ನು ಇಂಗ್ಲೆಂಡಿನ ಟ್ಯಾಲ್ಬಟ್ 1852ರಲ್ಲಿ ಪಡೆದರು. ಅಚ್ಚುಮನೆಯವರ ತಂದೆ ಹಿಡಿದದ್ದು ಆ ದಾರಿಯನ್ನೇ.

ಆಮೇಲೆ ಕೊಡಕ್‌ನಲ್ಲಿ ಲೂಯಿ ಮಿನ್ಸ್ಕ್ ಮತ್ತು ಸಂಗಡಿಗರು ಪಾಲಿವಿನೈಲ್ ಸಿನಮೇಟ್ ಮಾಡಿದರು. ದಾಲ್ಚಿನ್ನಿಯ ಹೆಸರಿನ ಆಮ್ಲವನ್ನು ಪಾಲಿಮರ್ ಎಳೆಗೆ ತೂಗುಹಾಕಿದ ವಸ್ತು ಅದು; ಬೆಳಕು ಬಿದ್ದರೆ ಎದುರುಬದುರಿನ ಎರಡು ಸಿನಮೇಟ್‌ಗಳ ದ್ವಿಬಂಧಗಳು ಸೇರಿ ನಾಲ್ಕು ಇಂಗಾಲದ ಚೌಕವಾಗುತ್ತವೆ. ಸರ್ಕ್ಯೂಟ್ ಬೋರ್ಡುಗಳ ತಾಮ್ರದ ಗೆರೆಗಳನ್ನು ಮೂಡಿಸಲು ಅದನ್ನು ಬಳಸಿದರು.

ಅಚ್ಚುಮನೆ, ಶಿವಮೊಗ್ಗ:

ಮೇಡಂ, ನಿಮ್ಮ ಮಾತಿನಂತೆ ಫ್ರೇಮನ್ನು ಅಡುಗೆಮನೆಯ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಫ್ಯಾನ್ ಹಾಕಿ ರಾತ್ರಿಯಿಡೀ ಒಣಗಿಸಿದೆ. ಆಮೇಲೆ ಒಂದೇ ಫ್ರೇಮಿನ ಮೇಲೆ ಕಪ್ಪು ರಟ್ಟನ್ನು ಎರಡೆರಡು ನಿಮಿಷಕ್ಕೆ ಸರಿಸುತ್ತಾ 4, 6, 8, 10, 12, 14 ನಿಮಿಷದ ಪಟ್ಟಿಗಳನ್ನು ಮಾಡಿದೆ. ತೊಳೆದು ಒಣಗಿಸಿ ನೋಡಿದರೆ 4ರ ಪಟ್ಟಿ ಗಾಢ ಹಳದಿಯಾಗಿಯೇ ಇತ್ತು, ಮುಂದಕ್ಕೆ ಹೋದಂತೆ ತಿಳಿಯಾಗುತ್ತಾ ಬಂದು 10 ಮತ್ತು 12ರ ನಡುವೆ ಗೆರೆಯೇ ಕಾಣಲಿಲ್ಲ. 10ರ ಪಟ್ಟಿಯ ಒಳಮೈ ಬೆರಳಿಗೆ ಒರಟಾಗಿ ಸಿಕ್ಕಿತು. 14ರಲ್ಲಿ ಮಾತ್ರ ಸಣ್ಣ ಒತ್ತಕ್ಷರಗಳು ತೊಳೆದರೂ ಬಿಚ್ಚಿಕೊಳ್ಳಲಿಲ್ಲ. ಈಗ 10 ನಿಮಿಷಕ್ಕೆ ನಿಲ್ಲಿಸಿಕೊಂಡಿದ್ದೇನೆ. ಹೊಸ ಪತ್ರಿಕೆಯಲ್ಲಿ ‘ವಿಠ್ಠಲ’ ಎಂಬ ಹೆಸರಿನ ಅಕ್ಷರಗಳ ಹೊಟ್ಟೆಯೊಳಗಿನ ಬಿಳಿ ಅಷ್ಟೂ ಉಳಿದಿದೆ.

ಒಂದು ಕೊನೆಯ ಪ್ರಶ್ನೆ. ತಂದೆಯವರ ಬೈಕ್ರೋಮೇಟ್ ಡಬ್ಬಿ ಅಟ್ಟದ ಮೇಲೆ ಇನ್ನೂ ಇದೆ, ಅರ್ಧದಷ್ಟು ಕಿತ್ತಳೆ ಹರಳುಗಳು ಉಳಿದಿವೆ. ಅವರ ಕೈಯ ಚರ್ಮ ಕೊನೆಯವರೆಗೂ ಒಡೆದು ತುರಿಸುತ್ತಿತ್ತು. ಅದಕ್ಕೆ ಇದೇ ಕಾರಣವೇ? ಮೋರಿಗೆ ಸುರಿದುಬಿಡಲೇ?

ಪಾಲಿಮರ್ ಅಧ್ಯಾಪಕಿ, ಧಾರವಾಡ:

ಬಣ್ಣ ತಿಳಿಯಾಗುವುದು ನಿಂತಿತೆಂದರೆ ಹೀರಲು ಡಯಾಜೋ ಉಳಿದಿಲ್ಲ ಎಂದರ್ಥ. 10 ನಿಮಿಷ ಸರಿಯಾದ ಆಯ್ಕೆ. 14ರಲ್ಲಿ ಒತ್ತಕ್ಷರ ಮುಚ್ಚಿಕೊಂಡದ್ದು ಬಟ್ಟೆಯ ಬಿಳಿ ಎಳೆಗಳು ಬೆಳಕನ್ನು ಪಾಸಿಟಿವ್‌ನ ಕಪ್ಪು ಗೆರೆಯ ಕೆಳಕ್ಕೆ ಚದುರಿಸುವುದರಿಂದ. ಸಣ್ಣ ಅಕ್ಷರದ ಕೆಲಸಕ್ಕೆ ಹಳದಿ ಬಟ್ಟೆಯ ಫ್ರೇಮ್ ತಂದುಕೊಳ್ಳಿ, ಚದುರಿದ ಬೆಳಕನ್ನು ಆ ಹಳದಿ ಹೀರುತ್ತದೆ.

ಮೋರಿಗೆ ಖಂಡಿತ ಸುರಿಯಬೇಡಿ. ಆರನೆಯ ಸ್ಥಿತಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ನೀರಿಗೆ ಸೇರಿದರೆ ದೂರ ಹೋಗುತ್ತದೆ. ಚರ್ಮಕ್ಕೆ ತೀವ್ರ ಅಲರ್ಜಿ ತರುವುದರಲ್ಲಿ ಅದು ಕುಖ್ಯಾತ. ನಿಮ್ಮ ತಂದೆಯವರ ಕೈ ನೋಡದೆ ನಾನು ತೀರ್ಪು ಹೇಳಲಾರೆ, ಆದರೆ ವರ್ಷಗಟ್ಟಲೆ ಬರಿಗೈಯಲ್ಲಿ ಕಲಸಿದವರಲ್ಲಿ ಅಂಥ ಚರ್ಮ ಸಾಮಾನ್ಯ. ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಡಬ್ಬಿಯ ಮುಚ್ಚಳವನ್ನು ಬಿಗಿಮಾಡಿ, ಪುಡಿ ಹಾರದಂತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹೊರಗೆ ‘ಅಮೋನಿಯಂ ಬೈಕ್ರೋಮೇಟ್, ವಿಷ’ ಎಂದು ದೊಡ್ಡದಾಗಿ ಬರೆಯಿರಿ. ಒಣಗಿದ ಹರಳು ಬಿಸಿ ತಾಗಿದರೆ ತಾನೇ ಹೊತ್ತಿಕೊಂಡು ಉರಿಯಬಲ್ಲದು, ಹೆಂಚಿನ ಅಟ್ಟದ ಕಾವು ಅದಕ್ಕೆ ಒಳ್ಳೆಯದಲ್ಲ. ಕಾಗದ, ಬಟ್ಟೆ, ಥಿನ್ನರ್ ಯಾವುದೂ ಪಕ್ಕದಲ್ಲಿಲ್ಲದ ತಂಪು ಜಾಗಕ್ಕೆ ಇವತ್ತೇ ಇಳಿಸಿ. ಆಮೇಲೆ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಫೋನ್ ಮಾಡಿ, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರು ಯಾರೆಂದು ಕೇಳಿ ಅವರಿಗೇ ಒಪ್ಪಿಸಿ.

ಅಚ್ಚುಮನೆ, ಶಿವಮೊಗ್ಗ:

ಇಳಿಸಿದೆ ಮೇಡಂ. ಡಬ್ಬಿಯ ಮೇಲೆ ತಂದೆಯವರ ಕೈಬರಹದಲ್ಲಿ ‘ಬೆಳಕಿಗೆ ಇಡಬಾರದು’ ಎಂದು ಮೊದಲೇ ಇತ್ತು, ಅದರ ಕೆಳಗೆ ನಾನು ‘ವಿಷ’ ಎಂದು ಬರೆದಿದ್ದೇನೆ. ಸೋಮವಾರ ಕಚೇರಿ ತೆರೆದ ಕೂಡಲೇ ಫೋನ್ ಮಾಡುತ್ತೇನೆ.